ಅರ್ಜಿ ಬರೆದದ್ದು

ಕನ್ನಡದ ಮೇಷ್ಟರಾದವರಿಗೆ ಎರಡು ಕೆಲಸಗಳು ತಪ್ಪಿದ್ದಲ್ಲ. ಒಂದು, ನೆಂಟರ ಮನೆಯ ಲಗ್ನಪತ್ರಿಕೆಯ ಕರಡು ತಿದ್ದುವುದು. ಇನ್ನೊಂದು, ಅರ್ಜಿ ಬರೆಯುವುದು. ಇಪ್ಪತ್ತು ವರ್ಷ ಪಂಪ ಕುಮಾರವ್ಯಾಸರನ್ನು ಪಾಠ ಹೇಳಿದವನು ತಹಶೀಲ್ದಾರರಿಗೆ ನಾಲ್ಕು ಸಾಲು ಬರೆಯಲಾರನೆ ಎಂಬುದು ಅವರ ಎಣಿಕೆ. ಆದ್ದರಿಂದ ಭಾನುವಾರ ಬೆಳಗ್ಗೆ ಹಿರಿಯೂರಿನಿಂದಲೋ ಹೊಸದುರ್ಗದಿಂದಲೋ ಮೊದಲ ಬಸ್ಸಿಗೆ ಹೊರಟು ಚಿತ್ರದುರ್ಗದ ನಮ್ಮ ಮನೆಯ ಜಗಲಿಯ ಮೇಲೆ ಯಾರಾದರೊಬ್ಬರು ಬಂದು ಕುಳಿತಿರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್ ಪುಸ್ತಕ, ಅವುಗಳ ನಡುವೆ ಎಂದೋ ತೀರಿಹೋದವರ ಮರಣಪತ್ರ. ಹೊಳಲ್ಕೆರೆಯ ಕಡೆಯವರಾದರೆ ಅದೇ ಚೀಲದಲ್ಲಿ ಎರಡು ತೆಂಗಿನಕಾಯಿಗಳೂ ಇರುವುದುಂಟು. ಕಾಯಿಗಳನ್ನು ನನ್ನ ಹೆಂಡತಿ ಒಳಗೆ ತೆಗೆದುಕೊಂಡು ಹೋಗುತ್ತಾಳೆ. ಕಾಗದಗಳು ನನ್ನ ಪಾಲಿಗೆ ಉಳಿಯುತ್ತವೆ.

ನಮ್ಮ ಊರಿನ ಕೋಟೆಯನ್ನು ನೋಡಿದವರಿಗೆಲ್ಲ ಓಬವ್ವನ ಕಿಂಡಿ ಗೊತ್ತು. ಒಂದು ಸಲಕ್ಕೆ ಒಬ್ಬನೇ ಮನುಷ್ಯ ತೆವಳಿಕೊಂಡು ಬರಬಹುದಾದ ಸಂದು. ಹೈದರನ ಸೈನಿಕರು ಒಬ್ಬೊಬ್ಬರಾಗಿ ತಲೆ ತೂರಿಸಿದರಂತೆ, ಓಬವ್ವ ಒನಕೆಯೊಂದಿಗೆ ಒಳಗೆ ಕಾದಿದ್ದಳಂತೆ. ನಾಡಕಚೇರಿಯ ಕಿಂಡಿಯ ಮುಂದಿನ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಆ ಕಥೆ ನೆನಪಾಗುತ್ತದೆ. ಒಳಗೆ ಕುಳಿತ ಹುಡುಗ ಒಳ್ಳೆಯವನೇ. ಅವನ ಕೈಯಲ್ಲಿ ಒನಕೆಯಿಲ್ಲ, ಕಂಪ್ಯೂಟರಿದೆ. ಆದರೆ ತಲೆ ತೂರಿಸುವವನ ಎದೆಬಡಿತ ಹೆಚ್ಚು ಬೇರೆಯಾಗಿರಲಾರದು.

ನನ್ನಂಥವನಿಗೆ ಅರ್ಜಿಯ ನಮೂನೆಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದರ ಭಾಷೆ. 'ಅರ್ಹ' ಎಂಬ ಮಾತನ್ನೇ ನೋಡಿ. ಪಂಪ ಆದಿಪುರಾಣ ಬರೆದ ಕಾಲಕ್ಕೆ ಅರ್ಹನೆಂದರೆ ಕರ್ಮಗಳನ್ನು ಗೆದ್ದು ಪೂಜೆಗೆ ತಕ್ಕವನಾದ ಜಿನ. ಈಗ ಅರ್ಹನೆಂದರೆ ಗಂಡಹೆಂಡಿರ ಆದಾಯವೆರಡೂ ಸೇರಿ ವರ್ಷಕ್ಕೆ 32,000 ರೂಪಾಯಿ ಮೀರದವನು. 'ಫಲಾನುಭವಿ' ಎಂಬುದೂ ಅಷ್ಟೆ. ಪೂರ್ವಜನ್ಮದ ಕರ್ಮಕ್ಕೆ ಅಂಟಿಕೊಂಡಿದ್ದ ಶಬ್ದ ಬ್ಯಾಂಕಿನ ಖಾತೆಗೆ ಬಂದು ಇಳಿದಿದೆ. ನನಗೆ ಬಹಳ ಇಷ್ಟವಾದ ಶಬ್ದ 'ಮಾಸಾಶನ'. ಅಶನವೆಂದರೆ ಅನ್ನ. ತಿಂಗಳ ಅನ್ನ! ಪಿಂಚಣಿ ಎನ್ನುವುದಕ್ಕಿಂತ ಎಷ್ಟು ತೂಕದ ಮಾತು. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ ಅನ್ನ ಈಗ 1,200 ರೂಪಾಯಿ, ಅಂದರೆ ದಿನಕ್ಕೆ ನಲವತ್ತು. ಯೋಜನೆ ಆರಂಭವಾದ 2007ರಲ್ಲಿ ಅದು ತಿಂಗಳಿಗೆ 400 ಇತ್ತು. ದಿಲ್ಲಿಯ ಸರ್ಕಾರ 1995ರ ಆಗಸ್ಟ್ 15ರಂದು ಮುದುಕರಿಗೆ ಮಾಸಾಶನ ಕೊಡಲು ತೊಡಗಿದಾಗ ಅದರ ಪಾಲು ತಿಂಗಳಿಗೆ ಎಪ್ಪತ್ತೈದು ರೂಪಾಯಿ, 2006ರಲ್ಲಿ ಇನ್ನೂರಾಯಿತು, ಎಂಬತ್ತು ತುಂಬದವರಿಗೆ ಅದೇ ಇನ್ನೂರು ಇಂದಿಗೂ ನಡೆದಿದೆ. ಮಿಕ್ಕದ್ದನ್ನು ರಾಜ್ಯಗಳು ತಮ್ಮ ತಮ್ಮ ಶಕ್ತಿಯಂತೆ ಕೂಡಿಸಿಕೊಡುತ್ತವೆ.

ಬಡತನ ಒಂದೇ ಎಂದು ನಾನು ತಿಳಿದಿದ್ದೆ. ಅರ್ಜಿ ಬರೆಯತೊಡಗಿದ ಮೇಲೆ, ಅದು ಕಿಂಡಿಗೊಂದು ಬಗೆಯದೆಂದು ಗೊತ್ತಾಯಿತು. ರೇಷನ್ ಕಾರ್ಡಿನ ಕಿಂಡಿಯಲ್ಲಿ ವರ್ಷಕ್ಕೆ 1 ಲಕ್ಷ 20 ಸಾವಿರದವರೆಗೆ ಗಳಿಸುವವನೂ ಬಡವ. ಅವನಿಗೆ ಕಾರಿರಬಾರದು, ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿಯಾಗಲಿ ಅದಕ್ಕೆ ಸಮನಾದ ನೀರಾವರಿಯಾಗಲಿ ಇರಬಾರದು. ಅದೇ ಮನುಷ್ಯ ಪಕ್ಕದ ಕಿಂಡಿಗೆ ಹೋಗಿ ಮಾಸಾಶನ ಕೇಳಿದರೆ ಶ್ರೀಮಂತನಾಗಿಬಿಡಬಹುದು. ನೀರಾವರಿಯ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿ ಬತ್ತಿದ ಮೇಲೂ ಪಹಣಿಯಲ್ಲಿ ನೀರಾವರಿ ಬತ್ತುವುದಿಲ್ಲ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತಷ್ಟೆ. ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ಯಜಮಾನಿ ಯಾರು, ಅತ್ತೆಯೋ ಸೊಸೆಯೋ? ಆ ಪ್ರಶ್ನೆ ನಮ್ಮ ಜಗಲಿಯವರೆಗೂ ಬಂದಿತ್ತು. ಅತ್ತೆಯೊಬ್ಬಳು ಕಂಬದ ಈ ಕಡೆ, ಸೊಸೆ ಆ ಕಡೆ ಕುಳಿತು, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನನ್ನನ್ನು ನ್ಯಾಯ ಕೇಳಿದರು. 2013ರ ಆಹಾರ ಭದ್ರತಾ ಕಾಯಿದೆ ಹತ್ತು ವರ್ಷ ಮುಂಚೆಯೇ ಆ ನ್ಯಾಯ ತೀರಿಸಿತ್ತು: ರೇಷನ್ ಕಾರ್ಡಿನ ಮಟ್ಟಿಗೆ, ಮನೆಯಲ್ಲಿ ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯಳೇ ಯಜಮಾನಿ. ಕಾಯಿದೆಯ ಆಧಾರ ಕೊಟ್ಟು ಹೇಳಿದೆ. ಸೊಸೆ ಮರುವಾರ ಬಂದು, ಕಾರ್ಡನ್ನು ಬೇರೆ ಮಾಡಿಸುವುದಕ್ಕೆ ಅರ್ಜಿ ಬರೆದುಕೊಡಿ ಎಂದಳು.

ಆದರೆ ನಾನು ಹೇಳಹೊರಟದ್ದು ಕಂಬಳಿತಾತನ ವಿಷಯ.

ತಾತ ಹಿರಿಯೂರು ತಾಲ್ಲೂಕಿನ, ನನ್ನ ತಾಯಿಯ ತವರೂರಿನವನು. ಕಂಬಳಿ ನೇಯ್ದೇ ಬಾಳಿದವನು. 1995ರಲ್ಲಿ ನಾನು ಪಿಯುಸಿಗೆಂದು ದುರ್ಗದ ಹಾಸ್ಟೆಲಿಗೆ ಹೊರಟಾಗ ತಾನು ನೇಯ್ದ ಕರಿಯ ಕಂಬಳಿಯೊಂದನ್ನು ಹೆಗಲಿಗೆ ಹಾಕಿ, "ಚುಚ್ತದೆ, ಚುಚ್ಲಿ, ಓದಾಕೆ ಎಚ್ಚರ ಇರ್ತೀಯ" ಎಂದಿದ್ದ. ಆ ಕಂಬಳಿ ಇನ್ನೂ ನಮ್ಮ ಮನೆಯಲ್ಲಿದೆ, ಇನ್ನೂ ಚುಚ್ಚುತ್ತದೆ. ಅವನ ಬೆರಳುಗಳು ಸೊಟ್ಟಗಾಗಿ ಮಗ್ಗ ನಿಂತು ಈಗ ಏಳೆಂಟು ವರ್ಷ. ಒಬ್ಬನೇ ಮಗ, ಬೆಂಗಳೂರಿನಲ್ಲಿ ಬಾಡಿಗೆ ಆಟೋ ಓಡಿಸುತ್ತಾನೆ. 2024ರ ಜನವರಿಯಲ್ಲಿ ತಾತ ನಮ್ಮ ಜಗಲಿಗೆ ಬಂದ.

ಮೊದಲು ಅಡ್ಡ ಬಂದದ್ದು ವಯಸ್ಸು. ಸಂಧ್ಯಾ ಸುರಕ್ಷೆಗೆ ಅರವತ್ತೈದು ತುಂಬಿರಬೇಕು. ಆಧಾರ್ ಕಾರ್ಡಿನಲ್ಲಿ ತಾತ 1962ರ ಜನವರಿ 1ರಂದು ಹುಟ್ಟಿದ್ದ. ಎಂದರೆ ತನ್ನ ಸ್ವಂತ ತಮ್ಮನಿಗಿಂತ ಎರಡು ವರ್ಷ ಚಿಕ್ಕವನು! ಕಾರ್ಡು ಮಾಡಿಸುವ ದಿನ ಕ್ಯಾಮೆರಾ ಹಿಡಿದ ಹುಡುಗ "ಎಷ್ಟು ತಾತ ವಯಸ್ಸು?" ಎಂದು ಕೇಳಿದ್ದಾನೆ, ಇವನು "ಐವತ್ತು ಅಂತ ಬರ್ಕೋ" ಎಂದಿದ್ದಾನೆ. ಪುಣ್ಯಕ್ಕೆ ತಾತ ಬಾಲ್ಯದಲ್ಲಿ ಕೆಲವು ತಿಂಗಳು ಶಾಲೆಗೆ ಹೋಗಿದ್ದ. ಊರ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಅವನ ಜನ್ಮದಿನ 1957ರ ಜೂನ್ 1 ಎಂದಿತ್ತು. ಅದೂ ನಿಜವಲ್ಲ, ಅಂದಿನ ಹೆಡ್‌ಮಾಸ್ತರರು ಯಾರನ್ನು ಸೇರಿಸಿಕೊಂಡರೂ ಜೂನ್ 1ರಂದೇ ಹುಟ್ಟಿಸುತ್ತಿದ್ದರು. ನಾನೂ ಜೂನ್ 1ರವನೇ, ನನ್ನ ಸಹೋದ್ಯೋಗಿಗಳಲ್ಲಿ ನಾಲ್ವರೂ ಅಷ್ಟೆ. ಆ ದಿನ ಸ್ಟಾಫ್ ರೂಮಿನಲ್ಲಿ ಯಾರು ಯಾರಿಗೆ ಸಿಹಿ ಹಂಚಬೇಕೆಂಬುದೇ ತಿಳಿಯುವುದಿಲ್ಲ. ಅಂತೂ ಒಂದು ಸುಳ್ಳಿನಿಂದ ಇನ್ನೊಂದು ಸುಳ್ಳನ್ನು ತಿದ್ದಿಸಿದೆವು. ಹುಟ್ಟಿದ ದಿನವನ್ನು ಆಧಾರಿನಲ್ಲಿ ಒಂದೇ ಸಲ ತಿದ್ದಬಹುದೆಂದು ನಿಯಮವಿದೆಯಾದ್ದರಿಂದ ಮೂರು ಸಲ ಓಡಾಡಿ ಎಚ್ಚರಿಕೆಯಿಂದ ಮಾಡಿಸಬೇಕಾಯಿತು.

ಉಳಿದದ್ದೆಲ್ಲ ಸುಲಭವೆಂದುಕೊಂಡೆ. ಸಣ್ಣ ರೈತರು, ಕೃಷಿ ಕಾರ್ಮಿಕರು, ಮೀನುಗಾರರ ಜೊತೆಗೆ ನೇಕಾರರ ಹೆಸರೂ ಆ ಯೋಜನೆಯಲ್ಲೇ ಇದೆ. ಗಂಡಹೆಂಡಿರ ಠೇವಣಿ ಹತ್ತು ಸಾವಿರ ಮೀರಬಾರದು. ತಾತನಿಗೆ ಹತ್ತು ಸಾವಿರವೆಲ್ಲಿಂದ ಬರಬೇಕು? ಬೇರೆ ಮಾಸಾಶನವಿರಬಾರದು, ಇಲ್ಲ. ಕೊನೆಗೊಂದು ಷರತ್ತು. ವಯಸ್ಸಿಗೆ ಬಂದ ಮಕ್ಕಳಿದ್ದರೆ ಅಡ್ಡಿಯಿಲ್ಲ, ಆದರೆ ಅವರು ಇವರನ್ನು ನೋಡಿಕೊಳ್ಳುತ್ತಿರಬಾರದು. ನ್ಯಾಯವಾದ ಷರತ್ತೇ. ಸರ್ಕಾರದ ಹಣ ಮಗನಿದ್ದೂ ಇಲ್ಲದವನಿಗೆ ಹೋಗಲಿ ಎಂದು ಬರೆದವರ ಮನಸ್ಸು. ಜಗಲಿಯ ಮೇಲೆಯೇ ಕುಳಿತು ಹೇಳಿಕೆಯನ್ನು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂಬ ಹೆಮ್ಮೆ ನನಗುಂಟು.

"ಏನ್ ಬರ್ದೆ ಮೇಷ್ಟ್ರೇ, ವಸಿ ಓದು" ಎಂದ ತಾತ.

ಓದಿದೆ. 'ನನಗೆ ಒಬ್ಬ ಮಗನಿದ್ದು, ಅವನು ನನ್ನನ್ನು ನೋಡಿಕೊಳ್ಳುತ್ತಿಲ್ಲ' ಎಂಬಲ್ಲಿಗೆ ಬಂದಾಗ ತಾತ ಕೈಯೆತ್ತಿ ನಿಲ್ಲಿಸಿದ.

"ನೋಡ್ಕಂತಾನೆ."

"ದುಡ್ಡು ಕಳಿಸ್ತಾನಾ ತಾತ?"

"ಅವನಿಗೇ ಸಾಲಲ್ಲ. ಆಟೋ ಬಾಡಿಗೆ, ಮನೆ ಬಾಡಿಗೆ, ಹುಡುಗನ್ ಇಸ್ಕೂಲು."

"ಮತ್ತೆ ಹೇಗೆ ನೋಡಿಕೊಳ್ತಾನೆ?"

"ಭಾನುವಾರ ಫೋನ್ ಮಾಡ್ತಾನೆ, ಉಂಡ್ಯಾ ಅಂತ ಕೇಳ್ತಾನೆ."

ಇದನ್ನು ಯಾವ ಅಂಕಣದಲ್ಲಿ ತುಂಬುವುದು? ವ್ಯಾಕರಣದ ಮೊರೆಹೊಕ್ಕೆ. ಕನ್ನಡಕ್ಕೆ ಕರ್ಮಣಿ ಪ್ರಯೋಗ ಒಗ್ಗುವುದಿಲ್ಲವೆಂದು ವರ್ಷವರ್ಷವೂ ಹುಡುಗರಿಗೆ ಹೇಳುವವನು ನಾನೇ. ಆದರೆ ಮಾಡಿದವನನ್ನು ಮರೆಮಾಡಬೇಕಾದಾಗ ಅದರಂಥ ಉಪಕಾರಿ ಇನ್ನೊಂದಿಲ್ಲ, ಕಚೇರಿಗಳೆಲ್ಲ ಅದರ ಮೇಲೆಯೇ ನಿಂತಿವೆ. 'ಅರ್ಜಿದಾರರು ಸದ್ಯ ಮಕ್ಕಳಿಂದ ಪೋಷಿಸಲ್ಪಡುತ್ತಿರುವುದಿಲ್ಲ' ಎಂದು ತಿದ್ದಿ ಬರೆದು ಓದಿದೆ. ತಾತನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೆ ಒಳ್ಳೆಯದೇ ಎಂದುಕೊಂಡು, ಈಗ ನಾಚಿಕೆಯಾಗುತ್ತದೆ, ಶಾಯಿಯ ಪ್ಯಾಡನ್ನು ಅವನ ಮುಂದಕ್ಕೆ ತಳ್ಳಿದೆ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡವನು ಕಾಗದಕ್ಕೆ ಒಂದು ಗೇಣು ಮೇಲೆ ಕೈ ನಿಲ್ಲಿಸಿ, "ಏನಂದಂಗಾಯ್ತು ಅದು?" ಎಂದು ಕೇಳಿದ. ಹೇಳದೆ ಇರಲಾಗಲಿಲ್ಲ.

"ಅದೇ ತಾನೆ ಇದು" ಎಂದು ಬೆರಳನ್ನು ಪಂಚೆಗೆ ಒರೆಸಿಕೊಂಡ. "ಊರ್ನಾಗೆ ವಿಚಾರಿಸಾಕೆ ಬರ್ತಾರೆ. ನಾಕು ಜನದ ಮುಂದೆ ಓದ್ತಾರೆ. ನಮ್ಮ ಹುಡುಗ ಹಿಂಗೆ ಅಂತ ನಾನೇ ಬರೆಸ್ಕೊಟ್ಟಂಗಾಗ್ತದೆ."

ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಪಂಚೆಯ ಮೇಲೆ ನೀಲಿಯ ಕಲೆಯೊಂದು ಉಳಿದಿತ್ತು.

ಆ ರಾತ್ರಿ ನನಗೆ ನೆನಪಾದದ್ದು ನನ್ನದೇ ಒಂದು ಕಾಗದ. ಹಾಸ್ಟೆಲಿಗೆ ಸೇರುವಾಗ ಆದಾಯದ ಪ್ರಮಾಣಪತ್ರ ಬೇಕಿತ್ತು. ಅಪ್ಪ ತಾಲ್ಲೂಕು ಕಚೇರಿಯಿಂದ ಅದನ್ನು ತಂದು, ಮಡಿಚಿ, ನನ್ನ ಕೈಗೆ ಕೊಟ್ಟಿದ್ದರು. ಬಸ್ಸಿನಲ್ಲಿ ಬಿಚ್ಚಿ ಓದಿದೆ. ಅಪ್ಪನ ಹೆಸರು, ಅದರ ಮುಂದೆ ಅವರ ಇಡೀ ವರ್ಷದ ಗಳಿಕೆ, ಅಂಕಿಗಳಲ್ಲೂ ಅಕ್ಷರಗಳಲ್ಲೂ. ನಾವು ಬಡವರೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಹಾಲು ಕಡಮೆಯಾದರೆ ಹಸು ಬತ್ತಿದೆ ಎನ್ನುತ್ತಿದ್ದರು, ಅಷ್ಟೆ. ಆ ಕಾಗದದಿಂದಲೇ ನಾನು ಓದಿದ್ದು, ಅನ್ನ ಉಂಡದ್ದು, ಅದನ್ನು ಅಲ್ಲಗಳೆಯಲಾರೆ. ಹಾಸ್ಟೆಲಿನಲ್ಲಿ ಅದನ್ನು ಒಪ್ಪಿಸುವಾಗ ಹಿಂದೆ ನಿಂತ ಹುಡುಗನಿಗೆ ಕಾಣದಂತೆ ಅಂಗೈಯಡಿ ಮುಚ್ಚಿಕೊಂಡಿದ್ದೆ. ಅವನೂ ತನ್ನದನ್ನು ಹಾಗೆಯೇ ಮುಚ್ಚಿಕೊಂಡಿದ್ದ.

ಯುಗಾದಿಗೆ ತಾತನ ಮಗ ಊರಿಗೆ ಬಂದ. ನಾನೂ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ಅರ್ಜಿಯ ಸಂಗತಿ ಅವನಿಗೆ ಹೇಗೋ ತಿಳಿದಿತ್ತು. ಹಟ್ಟಿಯ ಮುಂದೆ ಬೇವಿನ ಮರದ ಕೆಳಗೆ, ಅಪ್ಪನ ಎದುರಿಗೇ, "ಬರೀರಿ ಸಾರ್, ನೋಡ್ಕಳಲ್ಲ ಅಂತ್ಲೇ ಬರೀರಿ. ಸುಳ್ಳೇನಲ್ಲ" ಎಂದ. ದನಿಯಲ್ಲಿ ಕೋಪವಿರಲಿಲ್ಲ. ಚೀಲದಲ್ಲಿದ್ದ ಹಳೆಯ ಹೇಳಿಕೆಯನ್ನು ತೆಗೆದೆ. ತಾತ ಯಾರ ಮುಖವನ್ನೂ ನೋಡಲಿಲ್ಲ. ಓದು ಎನ್ನಲೂ ಇಲ್ಲ. ಮಗನೇ ಅವನ ಹೆಬ್ಬೆರಳನ್ನು ಹಿಡಿದು, ಶಾಯಿಗೆ ಅದ್ದಿ, ಕಾಗದದ ಮೇಲೆ ಒತ್ತಿದ. ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವಾಗ ಹೀಗೆಯೇ ಕೈ ಹಿಡಿಯುತ್ತಾರೆ.

ಲೋಕಸಭೆಯ ಚುನಾವಣೆ ನಡೆದಿತ್ತು, ಅದು ಕಳೆಯಿತು. ಅರ್ಜಿ ಗ್ರಾಮ ಆಡಳಿತ ಅಧಿಕಾರಿಯಿಂದ ರೆವಿನ್ಯೂ ಇನ್‌ಸ್ಪೆಕ್ಟರಿಗೆ, ಅಲ್ಲಿಂದ ಮೇಲಕ್ಕೆ ಏರಿ, ಖಜಾನೆಯ ದಾರಿ ಹಿಡಿದು, ಶ್ರಾವಣದಲ್ಲಿ ಹಣವಾಗಿ ಇಳಿಯಿತು. ಹಿಂದೆ ಇದೇ ದುಡ್ಡು ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಅಂಚೆಯವನು ಬಂದನೆಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಈಗ ಬ್ಯಾಂಕಿಗೆ ಬೀಳುತ್ತದೆ, ಸದ್ದಿಲ್ಲದೆ. ಒಳ್ಳೆಯದಾಯಿತು ಎಂದು ತಾತ ಅದೊಂದನ್ನು ಮಾತ್ರ ಹೊಗಳಿದ.

2025ರ ಜನವರಿಯಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಕಟ್ಟೆ ಕಟ್ಟಿ ಮುಗಿಸಿದ್ದು 1907ರಲ್ಲಿ, 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, ಇದು ಮೂರನೆಯದು. ಎಲ್ಲರೂ ನೋಡಲು ಹೋದರು, ನಾವೂ ಹೋದೆವು. ತಾತ ಬಂದಿದ್ದ, ಬೆಂಗಳೂರಿನಿಂದ ಮೊಮ್ಮಗನೂ ಬಂದಿದ್ದ. ಎರಡನೆಯ ತರಗತಿಯ ಹುಡುಗ. ಹೊಸದಾಗಿ ಓದಲು ಕಲಿತಿದ್ದರಿಂದ ಅಕ್ಷರ ಕಂಡಲ್ಲೆಲ್ಲ ಓದುತ್ತಿದ್ದ. ಬಸ್ಸಿನ ಬೋರ್ಡು, ಕಡ್ಲೆಪುರಿಯ ಪೊಟ್ಟಣದ ಕಾಗದ, ನೀರಿಗೆ ಇಳಿಯಬೇಡಿ ಎಂಬ ಎಚ್ಚರಿಕೆ, ಯಾವುದನ್ನೂ ಬಿಡಲಿಲ್ಲ. ತಾತ ತನ್ನ ದುಡ್ಡಿನಿಂದ ಅವನಿಗೆ ಒಂದು ಕಬ್ಬಿನ ಜಲ್ಲೆ ಕೊಡಿಸಿದ. ಹುಡುಗ ಅದನ್ನು ಕಡಿಯುತ್ತ ತುಸು ಮುಂದೆ ಹೋದ ಮೇಲೆ ನನ್ನ ಪಕ್ಕಕ್ಕೆ ಸರಿದು, ನೀರಿನ ಸದ್ದಿನಲ್ಲಿ ನನಗೆ ಕೇಳಿಸಲೆಂದು ಕಿವಿಯ ಹತ್ತಿರ ಬಾಗಿದ.

"ಮೇಷ್ಟ್ರೇ, ಆ ಕಾಗ್ದ ಕಚೇರೀಲಿ ಎಷ್ಟು ವರ್ಷ ಮಡಗಿರ್ತಾರೆ?"

"ಯಾಕೆ ತಾತ?"

"ಇವನು ಓದ್ತಾನೆ, ನೋಡು" ಎಂದ.