ಬೆಂ... ಗಳೂರು!

ನಮ್ಮ ಶಾಲೆಗಳಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಯಾವುದು? ನನ್ನ ಓಟು ‘ಅರ್ಥ ಆಯ್ತೇನ್ರೋ?’ ಎಂಬುದಕ್ಕೆ. ‘ಆಯ್ತು ಸಾ...ರ್’ ಎಂದು ಇಡೀ ಕ್ಲಾಸು ಒಂದೇ ರಾಗದಲ್ಲಿ ಒಪ್ಪಿಸುತ್ತದೆ. ಆಗಿಲ್ಲ ಎಂದವನು ಎದ್ದು ನಿಲ್ಲಬೇಕು. ಆ ಉಸಾಬರಿ ಯಾರಿಗೆ ಬೇಕು?

ಇನ್ನೊಂದು, ಅರ್ಧ ಪದದ ಪ್ರಶ್ನೆ. ‘ಕರ್ನಾಟಕದ ರಾಜಧಾನಿ ಬೆಂ...’ ಎಂದು ಮೇಷ್ಟ್ರು ಎಳೆದರೆ ‘ಗಳೂರು!’ ಎಂದು ಸೂರು ಹಾರಿಹೋಗುವ ಕೂಗು. ಹೊರಗೆ ಹಾದುಹೋಗುವವರಿಗೆ ಪಾಠ ಭರ್ಜರಿಯಾಗಿ ನಡೆದಿದೆ ಅನ್ನಿಸುತ್ತದೆ.

ಅದೇ ಮೇಷ್ಟ್ರು ‘ರಾಜರಿದ್ದದ್ದು ಮೈಸೂರಲ್ಲಲ್ವಾ, ರಾಜಧಾನಿ ಬೆಂಗಳೂರು ಯಾಕಾಯ್ತು?’ ಅಂತ ಕೇಳಿ ಸುಮ್ಮನೆ ನಿಂತರೆ? ಮೊದಲು ಮೌನ. ಆಮೇಲೆ ಹಿಂದಿನ ಬೆಂಚಿನಿಂದ ‘ವಿಧಾನಸೌಧ ಅಲ್ಲಿದೆಯಲ್ಲ ಸಾರ್’ ಅಂತ ಬಂದೀತು. ನಗಬೇಡಿ, ಪಾಠ ಶುರುವಾಗುವುದೇ ಅಲ್ಲಿಂದ. ವಿಧಾನಸೌಧ ಕಟ್ಟಿ ಮುಗಿದದ್ದು 1956ರಲ್ಲಿ. ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡು ಕಚೇರಿಗಳನ್ನು ಬೆಂಗಳೂರಿಗೆ ಒಯ್ದದ್ದು 1831ರ ಮಾತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, ಕಚೇರಿ ಮರಳಲಿಲ್ಲ. ಯಾಕೆ? ದಂಡು ಅಲ್ಲಿತ್ತು ಎನ್ನಲಿ ಒಬ್ಬಳು. ರೈಲು 1864ರಲ್ಲೇ ಅಲ್ಲಿಗೆ ಬಂದಿತ್ತು ಎನ್ನಲಿ ಇನ್ನೊಬ್ಬ. ಜಗಳವಾಡಲಿ.

ಕಷ್ಟವಿರುವುದು ಆ ಸುಮ್ಮನೆ ನಿಲ್ಲುವುದರಲ್ಲಿ. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ ತರಗತಿಗಳ ಮಾತು ಧ್ವನಿಮುದ್ರಿಸಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು! ಅದನ್ನು ಮೂರಕ್ಕೆ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಕಡಿಮೆಯಾಯಿತು. ನಮ್ಮ ಪಿಪ್ಪಲಾದ ಋಷಿಗಳ ಲೆಕ್ಕವೇ ಬೇರೆ. ಪ್ರಶ್ನೋಪನಿಷತ್ತಿನಲ್ಲಿ ಆರು ಜನ ಶಿಷ್ಯರು ಸಮಿತ್ತು ಹಿಡಿದು ಬಂದರೆ, ಒಂದು ವರ್ಷ ಇಲ್ಲೇ ಇರಿ, ಆಮೇಲೆ ಬೇಕಾದ್ದು ಕೇಳಿ, ನಮಗೆ ಗೊತ್ತಿದ್ದರೆ ಹೇಳುತ್ತೇವೆ ಎಂದುಬಿಟ್ಟರು. ಆ ‘ಗೊತ್ತಿದ್ದರೆ’ ನನಗೆ ತುಂಬಾ ಇಷ್ಟ. ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಕೇಳುವ ಮೇಷ್ಟ್ರ ಪ್ರಶ್ನೆ ಎಷ್ಟೇ ವಿಶಾಲವಾಗಿದ್ದರೂ, ಮಕ್ಕಳು ತಡಕುವುದು ಆ ಜೇಬನ್ನೇ.

ಪಠ್ಯಪುಸ್ತಕದವರೂ ಪಾಠದ ಕೊನೆಗೆ ‘ನಿಮ್ಮ ಅಭಿಪ್ರಾಯ ಬರೆಯಿರಿ’ ಎಂದು ಬಾಗಿಲು ತೆರೆದಿಟ್ಟಿರುತ್ತಾರೆ. ಆದರೆ ನಿಮ್ಮ ಅಭಿಪ್ರಾಯ ಗೈಡಿನಲ್ಲಿ ಆಗಲೇ ಅಚ್ಚಾಗಿರುತ್ತದೆ. ಇಡೀ ಕ್ಲಾಸಿನದು ಒಂದೇ ಅಭಿಪ್ರಾಯ, ಅಲ್ಪವಿರಾಮದ ಸಮೇತ. ಸ್ವಂತದ್ದು ಬರೆದವಳ ಗತಿ ಏನೆಂದು ಕೇಳಬೇಡಿ.

ಮೇಷ್ಟ್ರನ್ನೇ ದೂರಿ ಫಲವಿಲ್ಲ. ಕಿಕ್ಕಿರಿದ ಕ್ಲಾಸು, ಮುಕ್ಕಾಲು ಗಂಟೆಯೂ ಇಲ್ಲದ ಪಿರಿಯಡ್ಡು, ಮೇಲೆ ಪೋರ್ಷನ್ ಮುಗಿಸುವ ಗಡಿಬಿಡಿ. ದಿನವೂ ಬೇಡ, ಶನಿವಾರದ ಬೆಳಗಿನ ಕ್ಲಾಸಿನಲ್ಲಿ ಇಂಥದೊಂದು ಪ್ರಶ್ನೆ ಸಾಕು: ನಿಮ್ಮೂರಿಗೆ ಆ ಹೆಸರು ಹೇಗೆ ಬಂತು, ಮನೆಯಲ್ಲಿ ಕೇಳಿಕೊಂಡು ಬನ್ನಿ. ಸೋಮವಾರ ನಾಲ್ಕು ಥರದ ಉತ್ತರ ಬಂದಾವು, ನಾಲ್ಕಕ್ಕೂ ಒಬ್ಬೊಬ್ಬ ಅಜ್ಜಿಯ ಸಾಕ್ಷಿ. ಯಾವುದು ಸರಿ ಸಾರ್ ಅಂತ ಹುಡುಗರು ಕೇಳೇ ಕೇಳುತ್ತಾರೆ. ಅದಕ್ಕೆ ಮಾತ್ರ ಗೈಡು ಸಿಗುವುದಿಲ್ಲ.