ತೊಂಬತ್ತೊಂದರ ಲೆಕ್ಕ



ಅವಿಭಾಜ್ಯ ಸಂಖ್ಯೆಗಳಿಂದ ಹೆಣ್ಣುಮಕ್ಕಳಿಗೇನು ಪ್ರಯೋಜನವೆಂದು ನಮ್ಮನ್ನು ಕೇಳುವವರು ಇಂದಿಗೂ ಉಂಟು. ಅಂಥವರು ತಮ್ಮ ಮನೆಯ ಹಿರಿಯರನ್ನು ವಿಚಾರಿಸಿ ನೋಡಬಹುದು. 1957ನೆಯ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬರುವ ತನಕ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈಗಳಿದ್ದವು. 192 ಎಂಬುದು ಆರು ಎರಡುಗಳ ಮತ್ತು ಒಂದು ಮೂರರ ಗುಣಲಬ್ಧ. ಆದುದರಿಂದಲೇ ಮೂವರು ಅಕ್ಕತಂಗಿಯರು ಒಂದು ರೂಪಾಯಿಯನ್ನು ಹಂಚಿಕೊಂಡರೆ ತಲೆಗೆ 5 ಆಣೆ 4 ಪೈ ಬಂದು ಏನೂ ಉಳಿಯುತ್ತಿರಲಿಲ್ಲ. ಈಗಿನ 100 ಪೈಸೆಯೊಳಗೆ ಎರಡು ಎರಡುಗಳೂ ಎರಡು ಐದುಗಳೂ ಇವೆ, ಮೂರು ಇಲ್ಲ. ಒಂದು ಪೈಸೆಯ ಜಗಳ ತಪ್ಪದು.

ಈ ಪಾಠವನ್ನು ನಾವು ಹುಣಿಸೆ ಬೀಜಗಳಿಂದ ಆರಂಭಿಸುವೆವು. 12 ಬೀಜಗಳನ್ನು ಮೂರು ಸಾಲಾಗಿಯೋ ನಾಲ್ಕು ಸಾಲಾಗಿಯೋ ಸಮನಾಗಿ ಜೋಡಿಸಬಹುದು. 13 ಬೀಜಗಳು ಒಂದೇ ಉದ್ದ ಸಾಲಿನಲ್ಲಲ್ಲದೆ ನಿಲ್ಲವು. ಇಂತಹುದೇ ಅವಿಭಾಜ್ಯ. 1ಕ್ಕೆ ಮಾತ್ರ ಈ ಹೆಸರು ಸಲ್ಲದು; ಸಲ್ಲುವುದಾದರೆ, 12ನ್ನು 2×2×3 ಎಂದು ಒಂದೇ ವಿಧವಾಗಿ ಒಡೆಯಬಹುದೆಂಬ ನಿಯಮವು ಕೆಡುವುದು, ಏಕೆಂದರೆ ಒಂದುಗಳನ್ನು ಎಷ್ಟು ಬೇಕಾದರೂ ಸೇರಿಸಬಹುದಷ್ಟೆ.

ಸಂಖ್ಯೆಗಳ ಅಪವರ್ತನ, ಅಪವರ್ತ್ಯಗಳ ವಿಚಾರವು ಕನ್ನಡನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದವರಾದ, 9ನೆಯ ಶತಮಾನದ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ'ವೆಂದು ಕರೆದಿರುವರು. ಅದು ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಅನುವಾದಕರು ಸ್ತ್ರೀಯೆಂಬುದನ್ನು ನಾವು ತರಗತಿಯಲ್ಲಿ ಬೇಕೆಂದೇ ಎರಡು ಸಲ ಹೇಳುವೆವು.

ಕೆಲವು ವರ್ಷಗಳ ಹಿಂದೆ ಪುಣಜನೂರಿನಿಂದ ಬರುತ್ತಿದ್ದ ಬಾಲಿಕೆಯೊಬ್ಬಳು, ಅಂಗಡಿಯಲ್ಲಿ ಕೊಂಡ ಒಂದು ಮಾರ್ಗದರ್ಶಿ ಪುಸ್ತಕದಲ್ಲಿ 91 ಅವಿಭಾಜ್ಯವೆಂದು ಅಚ್ಚಾಗಿದ್ದುದನ್ನು ಹೊಡೆದುಹಾಕಿ 'ತಪ್ಪು' ಎಂದು ಬರೆದಳು. ಆಕೆಯ ತಂದೆಯು ಪುಸ್ತಕವನ್ನು ಹಿಡಿದು ನಮ್ಮಲ್ಲಿಗೆ ಬಂದರು.

"ಅಮ್ಮಾವರೇ, ಅಚ್ಚಾದ ಮಾತಿಗೇ ಎದುರಾಡುವುದನ್ನು ಕಲಿಸುತ್ತೀರಾ? ಇಂತಹ ಓದು ಸಾಕು, ಬಿಡಿಸಿಬಿಡುತ್ತೇನೆ" ಎಂದರು.

ನಾವು ಉತ್ತರವನ್ನು ಹೇಳದೆ ಬಾಲಿಕೆಯನ್ನೇ ಕರೆಯಿಸಿದೆವು. ಅವಳು ಅಂಜುತ್ತಲೇ ಹೇಳಿದಳು: "ಅಪ್ಪ, ಹತ್ತು ಹತ್ತಲಿ ನೂರು. 91ಕ್ಕೆ ಹತ್ತನ್ನು ಮೀರಿದ ಭಾಜಕವಿದ್ದರೆ, ಅದರ ಜೊತೆಯದು ಹತ್ತಕ್ಕಿಂತ ಚಿಕ್ಕದಾಗಿರಲೇಬೇಕು. ಅದಕ್ಕೇ 2, 3, 5, 7 ಇಷ್ಟನ್ನೇ ನೋಡಿದರೆ ಸಾಕು. ಮೊದಲಿನ ಮೂರೂ ಹೋಗುವುದಿಲ್ಲ, ಏಳು ಹೋಗುತ್ತದೆ."

ತಂದೆಯು ನಂಬಲಿಲ್ಲ. 91 ಬೀಜಗಳನ್ನು ತಾವೇ ಏಳು ರಾಶಿ ಮಾಡಿದರು. ರಾಶಿಗೆ 13 ಬಂದವು. ಮತ್ತೊಮ್ಮೆ ಎಣಿಸಿದರು. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ 97?" ಎಂದು ಮಗಳನ್ನೇ ಕೇಳಿದರು. "ಏಳರಿಂದ ಭಾಗಿಸಿದರೆ ಆರು ಉಳಿಯುತ್ತದಪ್ಪ, ಉಳಿದ ಮೂರರಿಂದಲೂ ಹೋಗದು. ಅದು ಅವಿಭಾಜ್ಯವೇ" ಎಂದಳು.

ಶಾಲೆ ಬಿಡಿಸುವ ಮಾತು ಮತ್ತೆ ಬರಲಿಲ್ಲ. ಆಕೆಯು ಹತ್ತನೆಯ ತರಗತಿಯನ್ನು ಇಲ್ಲಿಯೇ ಮುಗಿಸಿ, ಚಾಮರಾಜನಗರದಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದಳು. ಆಕೆಯ ತಂಗಿಯು ಈಗ ನಮ್ಮ ಏಳನೆಯ ತರಗತಿಯಲ್ಲಿರುವಳು.