ಮೈಸೂರಿನ ಶ್ರೀಗಂಧದ ಎಣ್ಣೆ ಕಾರ್ಖಾನೆ

ಇಷ್ಟಲಿಂಗ ಪೂಜೆಯಲ್ಲಿ ವಿಭೂತಿ, ಪತ್ರೆ, ಪುಷ್ಪಗಳೊಡನೆ ಗಂಧಕ್ಕೂ ಸ್ಥಾನವುಂಟು. ಸಾಣೆಕಲ್ಲಿನ ಮೇಲೆ ಕೊರಡನ್ನು ತೇಯುವಾಗ ಏಳುವ ಪರಿಮಳ ನಮ್ಮ ಮನೆಗಳಿಗೆ ಹೊಸತಲ್ಲ. ಆದರೆ ಆ ಪರಿಮಳವು ಮರದೊಳಗಿಂದ ಎಣ್ಣೆಯಾಗಿ ಇಳಿದುಬರುವ ಬಗೆಯನ್ನು ಕಂಡವರು ವಿರಳ. ಸುತ್ತೂರು ಮಠದ ದರ್ಶನಕ್ಕೆಂದು ಮೈಸೂರಿಗೆ ಹೋಗಿದ್ದಾಗ, ಮಾನಂದವಾಡಿ ರಸ್ತೆಯ ಸರ್ಕಾರಿ ಶ್ರೀಗಂಧದ ಎಣ್ಣೆ ಕಾರ್ಖಾನೆಯನ್ನು ನೋಡುವ ಅವಕಾಶ ನಮಗೆ ಒದಗಿತು.

ಒಂದು ಕಾಲದಲ್ಲಿ ಮೈಸೂರು ಸೀಮೆಯ ಗಂಧದ ಕೊರಡುಗಳು ಯುರೋಪಿಗೆ ರಫ್ತಾಗಿ, ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ಕಡಿದುಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆ ತೆಗೆಯುವ ಕಾರ್ಯ ಪ್ರಾರಂಭವಾಯಿತು. ಬಂದ ಸಂಕಟವೇ ನಾಡಿಗೆ ಒಂದು ಉದ್ಯಮವನ್ನು ಕೊಟ್ಟಿತು.

ಮರದ ಹೊರಗಿನ ಬಿಳಿಯ ಭಾಗಕ್ಕೆ ಪರಿಮಳವಿಲ್ಲ. ಅದನ್ನು ಕೆತ್ತಿ ತೆಗೆದು, ಒಳಗಿನ ಚೇಗನ್ನೂ ಬೇರನ್ನೂ ಚೂರು ಮಾಡಿ, ಯಂತ್ರದಲ್ಲಿ ಪುಡಿಗೈಯುತ್ತಾರೆ. ಆ ಪುಡಿಯನ್ನು ದೊಡ್ಡ ಪಾತ್ರೆಗಳಲ್ಲಿ ತುಂಬಿ ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಹಬೆಯು ಎಣ್ಣೆಯ ಅಂಶವನ್ನು ಹೊತ್ತು ಕೊಳವೆಯಲ್ಲಿ ಸಾಗಿ, ತಣ್ಣೀರಿನ ಸಂಪರ್ಕದಿಂದ ತಂಪಾಗಿ ದ್ರವವಾಗುತ್ತದೆ. ನೀರಿನ ಮೇಲೆ ತೇಲುವ ಹೊನ್ನಿನ ಬಣ್ಣದ ಎಣ್ಣೆಯನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಗಂಧದೆಣ್ಣೆ ಬಲು ನಿಧಾನವಾಗಿ ಬಿಡುವುದರಿಂದ ಈ ಕಾರ್ಯಕ್ಕೆ ಅವಸರ ಸಲ್ಲದು. ನೂರು ಕಿಲೋ ಪುಡಿಗೆ ದೊರೆಯುವುದು ಸುಮಾರು 4ರಿಂದ 6 ಕಿಲೋ ಎಣ್ಣೆ ಮಾತ್ರ. ಉಳಿದ ಪುಡಿಯೂ ವ್ಯರ್ಥವಲ್ಲ; ಅದು ಊದುಬತ್ತಿಗೆ ಸಲ್ಲುತ್ತದೆ.

ಈ ಎಣ್ಣೆಯ ಹಿರಿಮೆ ತನ್ನ ಕಂಪಿನಲ್ಲಷ್ಟೇ ಇಲ್ಲ. ಬೇಗ ಹಾರಿಹೋಗುವ ಹೂವಿನ ಸುವಾಸನೆಯನ್ನು ಅದು ಹಿಡಿದು ನಿಲ್ಲಿಸುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಗುಲಾಬಿಯ ಅತ್ತರು ಇಳಿಸುವವರು ಸಂಪ್ರದಾಯದಂತೆ ಹೂವಿನ ಹಬೆಯನ್ನು ಗಂಧದೆಣ್ಣೆಯಲ್ಲಿಯೇ ಸೇರಿಸುತ್ತಾರೆ.

ಇಷ್ಟೆಲ್ಲ ಕಂಡ ಮೇಲೆ ಮನಸ್ಸು ಮರದ ಕಡೆಗೆ ತಿರುಗುತ್ತದೆ. ಬೇರಿನಲ್ಲಿ ಎಣ್ಣೆ ಹೇರಳವಾಗಿರುವುದರಿಂದ ಗಂಧದ ಮರವನ್ನು ಬುಡಸಮೇತ ಕೀಳುತ್ತಾರೆ. ಮತ್ತೆ ಚಿಗುರಲು ಮೋಟು ಉಳಿಯುವುದಿಲ್ಲ. ಚೇಗು ಕಟ್ಟಲು ಹತ್ತು ವರ್ಷಕ್ಕೂ ಮಿಗಿಲು, ಚೆನ್ನಾಗಿ ಬಲಿಯಲು ಮೂವತ್ತು ವರ್ಷ ಬೇಕು. ಕಳ್ಳಸಾಗಣೆಯಿಂದಲೂ ರೋಗದಿಂದಲೂ ನಮ್ಮ ಕಾಡುಗಳಲ್ಲಿ ಗಂಧ ಕ್ಷೀಣಿಸಿದೆ. ಹಿಂದೆ ಸ್ವಂತ ಹೊಲದ ಗಂಧದ ಮರವೂ ಸರ್ಕಾರದ್ದಾಗಿತ್ತು. 2001ರ ಕಾನೂನು ತಿದ್ದುಪಡಿಯಿಂದ ಅದು ಭೂಮಾಲೀಕನದಾಗಿದೆ.

ಗಂಧದ ಸಸಿ ಒಂಟಿಯಾಗಿ ಏಳಿಗೆಯಾಗದು. ನೆರೆಯ ಗಿಡದ ಬೇರಿನಿಂದ ಆಹಾರ ಪಡೆಯುವ ಅದಕ್ಕೆ ತೊಗರಿಯೋ ಹೊಂಗೆಯೋ ಜೊತೆಗಿರಬೇಕು. ಹೊಲವುಳ್ಳ ಬಂಧುಗಳು ಬದುವಿನಲ್ಲಿ ಒಂದೆರಡು ಸಸಿ ನೆಟ್ಟರೆ ಅದರ ಫಲ ಮಕ್ಕಳಿಗೋ ಮೊಮ್ಮಕ್ಕಳಿಗೋ ದೊರೆತೀತು. ಫಲವನ್ನು ತಾನುಣ್ಣದೆ ಮುಂದಿನವರಿಗೆ ಬಿಟ್ಟುಹೋಗುವುದೂ ದಾಸೋಹವೇ ಅಲ್ಲವೆ?